ಕಾಯುವುದಕ್ಕೇ ಕರಗುವ ವಿದ್ಯುತ್: ಮೊಬೈಲ್ ಟವರುಗಳ ಇಂಧನ ಉಳಿತಾಯದ ಚರಿತ್ರೆ

ಮೊಬೈಲ್ ಟವರಿನ ಒಂದು ರೇಡಿಯೊ ಘಟಕ 20 ವ್ಯಾಟ್ ಶಕ್ತಿಯ ಅಲೆಗಳನ್ನು ಹೊರಸೂಸಬೇಕಾದರೆ ಸುಮಾರು 224 ವ್ಯಾಟ್ ವಿದ್ಯುತ್ ಬೇಕು. ಯಾರೂ ಮಾತಾಡದ, ಯಾರೂ ವಿಡಿಯೊ ನೋಡದ ಹೊತ್ತಿನಲ್ಲೂ ಅದಕ್ಕೆ 130 ವ್ಯಾಟ್ ಬೇಕೇ ಬೇಕು. 2010ರಿಂದ 2012ರವರೆಗೆ ಯುರೋಪಿನ ಉಪಕರಣ ತಯಾರಕರೂ ವಿಶ್ವವಿದ್ಯಾಲಯಗಳೂ ಸೇರಿ ನಡೆಸಿದ ‘ಅರ್ಥ್’ ಯೋಜನೆ ಅಂದಿನ ದೊಡ್ಡ ಬೇಸ್ ಸ್ಟೇಷನ್ನುಗಳಿಗೆ ಹಾಕಿಕೊಟ್ಟ ಲೆಕ್ಕ ಇದು. ಪೂರ್ಣ ಹೊರೆ ಹೊತ್ತಾಗಿನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕರೆಗಾಗಿ ಕಾದು ಕೂತಿರುವುದಕ್ಕೇ ಹೋಗುತ್ತಿತ್ತು ಎಂದಾಯಿತು.

ಮೊಬೈಲ್ ಜಾಲದ ಇಂಧನ ಚರಿತ್ರೆಯನ್ನು ಡೀಸೆಲ್ಲಿನಿಂದ ಸೌರಶಕ್ತಿಯ ಕಡೆಗೆ ನಡೆದ ಪಯಣವಾಗಿ ಹೇಳುವುದು ರೂಢಿ. ಕಾಲಕ್ರಮದಲ್ಲಿ ನೋಡುತ್ತ ಹೋದರೆ ನನಗೆ ಕಾಣುವುದು ಬೇರೆ. ಉಳಿತಾಯ ಮೊದಲು ಆದದ್ದು ಯಂತ್ರಕ್ಕೆ ಬೇಕಾದ ವಿದ್ಯುತ್ತೇ ಕಡಿಮೆಯಾದ ಕಡೆ. ವಿದ್ಯುತ್ತಿನ ಮೂಲ ಬದಲಾಗುವುದು ಅದರ ಬೆನ್ನಿಗೆ ಬಂತು.

ಆರಂಭಿಸಬೇಕಾದದ್ದು ಭಾರತಕ್ಕೆ ಮೊಬೈಲ್ ಬರುವುದಕ್ಕೆ ಒಂಬತ್ತು ವರ್ಷ ಮೊದಲು, ಕರ್ನಾಟಕದ ಕಿತ್ತೂರಿನಿಂದ. ದೂರಸಂಪರ್ಕ ಸಂಶೋಧನೆಗೆಂದು 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ತಾನು ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜನ್ನು 1986ರ ಜುಲೈನಲ್ಲಿ ಮೊದಲು ನಿಲ್ಲಿಸಿದ್ದು ಅಲ್ಲಿ. ರ‍್ಯಾಕ್ಸ್ ಎಂಬ ಹೆಸರಿನ ಆ ಯಂತ್ರ ತಂತಿ ದೂರವಾಣಿಯದ್ದು, ನಿಜ. ಆದರೆ ಅದರ ವಿನ್ಯಾಸಕರು ತಮಗೆ ತಾವೇ ಹಾಕಿಕೊಂಡಿದ್ದ ಒಂದು ಷರತ್ತು ನಮ್ಮ ವಿಷಯದ ಬೀಜದಂತಿದೆ: ಎ.ಸಿ. ಬೇಕಾಗಬಾರದು. ಅಂದಿನ ವಿದೇಶಿ ಡಿಜಿಟಲ್ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆಯಿಲ್ಲದೆ ನಡೆಯುತ್ತಿರಲಿಲ್ಲ. ರ‍್ಯಾಕ್ಸ್‌ನ ಸರ್ಕ್ಯೂಟುಗಳು ಕಡಿಮೆ ಬಿಸಿಯಾಗುವಂತೆ, ಆದ ಬಿಸಿಯೂ ಗಾಳಿಯ ಸಹಜ ಹರಿವಿನಲ್ಲೇ ಮೇಲೇರಿ ಹೊರಹೋಗುವಂತೆ ಜೋಡಿಸಲಾಗಿತ್ತು. ಧೂಳು, ಸೆಕೆ, ಬಂದುಹೋಗುವ ಕರೆಂಟು, ಇವೆಲ್ಲ ಇರುವ ಊರಿಗೆಂದೇ ಮಾಡಿದ ಯಂತ್ರ ಅದು.

ಮೊಬೈಲ್ ಬಂದಾಗ ಈ ಪಾಠ ಮರೆತುಹೋಯಿತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದ ದೇಶದ ಮೊದಲ ಮೊಬೈಲ್ ಕರೆಯ ಹಿಂದಿದ್ದದ್ದು ಯುರೋಪಿನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಜಿಎಸ್‌ಎಂ ತಂತ್ರಜ್ಞಾನ. ಸುತ್ತಲಿನ ಫೋನುಗಳು ಸಿಗ್ನಲ್ ಅಳೆದುಕೊಳ್ಳಲೆಂದು ಜಾಲದ ಪ್ರತಿ ಕೋಶವೂ (ಸೆಲ್) ಕನಿಷ್ಠ ಒಂದು ವಾಹಕ ಅಲೆಯನ್ನು ಹಗಲಿರುಳೂ ಒಂದೇ ಬಲದಲ್ಲಿ ಬೀರುತ್ತಿರಬೇಕು ಎಂಬುದು ಅದರ ನಿಯಮ. ಹಡಗು ಇರಲಿ ಬಿಡಲಿ ಉರಿಯುತ್ತಲೇ ಇರುವ ದೀಪಸ್ತಂಭದ ಹಾಗೆ. ಕರೆಂಟು ತಪ್ಪದೆ ಬರುವ, ಚಳಿ ಹೆಚ್ಚಿರುವ ದೇಶಗಳಲ್ಲಿ ಇದು ಯಾರಿಗೂ ಭಾರವೆನಿಸಿರಲಿಲ್ಲ.

ನಮ್ಮಲ್ಲಿ ಭಾರ ಗೊತ್ತಾದದ್ದು 2003ರ ನಂತರ. ಆ ವರ್ಷದ ಮೇ ತಿಂಗಳಿಂದ ಒಳಬರುವ ಕರೆಗೆ ಹಣ ಕೊಡುವುದು ತಪ್ಪಿತು, ಫೋನು ಹಳ್ಳಿಗೆ ಇಳಿಯಿತು. 2008ರ ಮಾರ್ಚ್‌ನಲ್ಲಿ ಸುಮಾರು 26 ಕೋಟಿಯಿದ್ದ ಮೊಬೈಲ್ ಸಂಪರ್ಕಗಳು 2011ರ ಮಾರ್ಚ್ ಹೊತ್ತಿಗೆ 81 ಕೋಟಿ ದಾಟಿದ್ದವು. ಟವರುಗಳು ಹಳ್ಳಿ ತಲುಪಿದ ವೇಗದಲ್ಲಿ ಕರೆಂಟು ತಲುಪಲಿಲ್ಲ. 2011ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹಸಿರು ದೂರಸಂಪರ್ಕದ ಬಗ್ಗೆ ಹೊರಡಿಸಿದ ಸಮಾಲೋಚನಾ ಪತ್ರದಲ್ಲಿ ಈ ಸ್ಥಿತಿ ಅಂಕಿಗಳಲ್ಲಿ ಸಿಗುತ್ತದೆ: ದೇಶದಲ್ಲಿ 3.1 ಲಕ್ಷ ಟವರು. ಅವುಗಳಿಗೆ ಬೇಕಾದ ವಿದ್ಯುತ್ತಿನಲ್ಲಿ ಶೇ 40 ಗ್ರಿಡ್ಡಿನಿಂದ, ಶೇ 60 ಡೀಸೆಲ್ ಜನರೇಟರಿನಿಂದ (ಡಿಜಿ). 10ರಿಂದ 15 ಕೆವಿಎ ಜನರೇಟರು ಗಂಟೆಗೆ ಸುಮಾರು 2 ಲೀಟರ್ ಕುಡಿಯುತ್ತದೆ. ಒಟ್ಟು ವರ್ಷಕ್ಕೆ 200 ಕೋಟಿ ಲೀಟರ್ ಡೀಸೆಲ್, ಅದರಿಂದ 53 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್.

ಈ ಅಂಕಿಯನ್ನು ಒಂದೇ ಟವರಿಗೆ ಇಳಿಸಿ ನೋಡೋಣ. 200 ಕೋಟಿಯನ್ನು 3.1 ಲಕ್ಷಕ್ಕೆ ಹಂಚಿದರೆ ಒಂದೊಂದಕ್ಕೆ ವರ್ಷಕ್ಕೆ ಸುಮಾರು 6,450 ಲೀಟರ್, ದಿನಕ್ಕೆ 17ರಿಂದ 18 ಲೀಟರ್. ಗಂಟೆಗೆ ಎರಡು ಲೀಟರಿನಂತೆ, ಸರಾಸರಿ ಟವರಿನ ಡಿಜಿ ದಿನಕ್ಕೆ ಒಂಬತ್ತು ಗಂಟೆ ಓಡುತ್ತಿತ್ತು. ಕರೆಂಟು ಚೆನ್ನಾಗಿದ್ದ ನಗರಗಳೂ ಈ ಸರಾಸರಿಯೊಳಗಿವೆ. ಹಳ್ಳಿಯ ಪಾಲು ಇನ್ನೂ ಹೆಚ್ಚು.

ಅಷ್ಟು ಡೀಸೆಲ್ ಯಾಕೆ ಬೇಕಾಯಿತು ಎಂಬುದು ಶೆಲ್ಟರಿನ ಬಾಗಿಲು ತೆರೆದರೆ ತಿಳಿಯುತ್ತದೆ. ಟವರಿನ ಬುಡದಲ್ಲಿ ಕಿಟಕಿಯಿಲ್ಲದ ಒಂದು ಪೆಟ್ಟಿಗೆಮನೆ. ಒಳಗೆ ಬೇಸ್ ಸ್ಟೇಷನ್ನಿನ ಬೀರುಗಳು, ಗ್ರಿಡ್ಡಿನ ಎಸಿ ವಿದ್ಯುತ್ತನ್ನು 48 ವೋಲ್ಟ್ ಡಿಸಿಯಾಗಿಸುವ ರೆಕ್ಟಿಫೈಯರು, ಗೋಡೆಗೆ ಒತ್ತಿ ಇಟ್ಟ ಸೀಸದ ಬ್ಯಾಟರಿ ಬ್ಯಾಂಕು. ಗೋಡೆಯಲ್ಲಿ ಎರಡು ಎ.ಸಿ., ಸರದಿಯಂತೆ ಓಡಲು. ರೇಡಿಯೊ ಉಪಕರಣ 40 ಡಿಗ್ರಿಯ ಸೆಕೆಯನ್ನೂ ತಡೆದುಕೊಳ್ಳಬಲ್ಲದು. ತಡೆಯದ್ದು ಬ್ಯಾಟರಿ: 25 ಡಿಗ್ರಿಗಿಂತ ಪ್ರತಿ ಹತ್ತು ಡಿಗ್ರಿ ಏರಿದಂತೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಒಂದು ಮೂಲೆಯ ಬ್ಯಾಟರಿಗಾಗಿ ಇಡೀ ಕೋಣೆ ತಣ್ಣಗಿರಬೇಕಾಯಿತು. ಎ.ಸಿ. ಶುರುವಾಗುವಾಗ ಒಮ್ಮೆಲೇ ಎಳೆಯುವ ಕರೆಂಟನ್ನು ತಾಳಲು ದೊಡ್ಡ ಡಿಜಿ ಬೇಕಾಯಿತು. ದೊಡ್ಡ ಡಿಜಿ ಉಳಿದ ಹೊತ್ತೆಲ್ಲ ಅರೆಹೊರೆಯಲ್ಲಿ ಓಡಿ, ಯೂನಿಟ್ಟಿಗೆ ಹೆಚ್ಚು ಡೀಸೆಲ್ ತಿಂದಿತು. ಕ್ಯಾನು ಹೊತ್ತು ಬರುವ ಫಿಲ್ಲರ್, ಟ್ಯಾಂಕಿನಲ್ಲಿ ಅದ್ದಿ ಅಳೆಯುವ ಕಡ್ಡಿ, ಗೋಡೆಗೆ ನೇತುಹಾಕಿದ ಲಾಗ್‌ಬುಕ್ಕು, ಇವೆಲ್ಲ ಸೇರಿ ಒಂದು ಉದ್ಯೋಗವೇ ಹುಟ್ಟಿಕೊಂಡಿತು. ಅದರ ಬೇರು ಆ ಬ್ಯಾಟರಿಯಲ್ಲಿತ್ತು.

ಬೇರಿಗೆ ಕೈಹಾಕಿದವರೇ ಹೆಚ್ಚು ಉಳಿಸಿದರು. ಬ್ಯಾಟರಿಯನ್ನು ಬೇರೆ ಪುಟ್ಟ ತಂಪುಪೆಟ್ಟಿಗೆಗೆ ಸೇರಿಸಿ, ಶೆಲ್ಟರಿನ ಉಷ್ಣತೆಯ ಮಿತಿಯನ್ನು 35 ಡಿಗ್ರಿಯವರೆಗೆ ಬಿಟ್ಟು, ಹೊರಗಾಳಿಯನ್ನೇ ಒಳಗೆ ಹಾಯಿಸುವ ಫ್ಯಾನು ಕೂಡಿಸಿದರು. ಆಮೇಲೆ ಶೆಲ್ಟರನ್ನೇ ಬಿಟ್ಟು ಬಯಲಲ್ಲಿ ನಿಲ್ಲುವ ಔಟ್‌ಡೋರ್ ಬೀರುಗಳು ಬಂದವು. ಕಿತ್ತೂರಿನ ಷರತ್ತಿಗೆ ಮೊಬೈಲ್ ಉದ್ಯಮ ಮರಳಿದ್ದು ಹೀಗೆ, ಎರಡು ದಶಕದ ನಂತರ. ಇದೇ ದಾರಿಯನ್ನು ಬೇಗ ಹಿಡಿದವರೂ ಇದ್ದರು: ಗುರುಗ್ರಾಮದ ವಿಎನ್‌ಎಲ್ 2008ರಲ್ಲಿ ತೋರಿಸಿದ ‘ವರ್ಲ್ಡ್‌ಜಿಎಸ್‌ಎಂ’ ಬೇಸ್ ಸ್ಟೇಷನ್ನು ಸೌರಫಲಕದಿಂದಲೇ ನಡೆಯುವಷ್ಟು ಕಡಿಮೆ ವಿದ್ಯುತ್ ಬೇಡುತ್ತಿತ್ತು. ಟವರು ಹಂಚಿಕೆಯೂ ಇದೇ ಕಾಲದ್ದು. 2007ರಲ್ಲಿ ಮೂರು ಕಂಪನಿಗಳು ಕೂಡಿ ಇಂಡಸ್ ಟವರ್ಸ್ ಕಟ್ಟಿದವು. 2008ರಲ್ಲಿ ಸರ್ಕಾರ ಹಂಚಿಕೆಯ ಮಾರ್ಗಸೂಚಿ ಹೊರಡಿಸಿತು. ಹಂಚಿಕೆಯ ಉದ್ದೇಶ ಬಂಡವಾಳ ಉಳಿಸುವುದಾಗಿತ್ತು, ಆದರೆ ಮೂರು ಡಿಜಿಯ ಬದಲು ಒಂದೇ ಡಿಜಿ ಎಂಬ ಲಾಭ ತಾನಾಗಿ ಸಿಕ್ಕಿತು.

2011ರಲ್ಲಿ, ಬೆಂಗಳೂರಿನಲ್ಲಿ ಕಚೇರಿಯಿದ್ದ ಪರಿಸರ ಸಂಘಟನೆ ಗ್ರೀನ್‌ಪೀಸ್ ಇಂಡಿಯಾ ಟವರುಗಳು ಸುಡುವ ಸಹಾಯಧನದ ಡೀಸೆಲ್ಲಿನ ಪ್ರಶ್ನೆಯನ್ನು ಸಾರ್ವಜನಿಕ ಚರ್ಚೆಗೆ ತಂದಿತು. 2012ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಆದೇಶಿಸಿತು: 2015ರೊಳಗೆ ಹಳ್ಳಿಗಳ ಶೇ 50, ಪಟ್ಟಣಗಳ ಶೇ 20 ಟವರುಗಳು ನವೀಕರಿಸಬಹುದಾದ ಶಕ್ತಿ ಮತ್ತು ಗ್ರಿಡ್ ಕೂಡಿದ ಮಿಶ್ರ ವ್ಯವಸ್ಥೆಗೆ ಬರಬೇಕು, 2020ರೊಳಗೆ ಶೇ 75 ಮತ್ತು ಶೇ 33. ಆದೇಶದ ಕಾಳಜಿ ಪ್ರಾಮಾಣಿಕವಾದದ್ದು, ಅದರಲ್ಲಿ ನನಗೆ ಸಂದೇಹವಿಲ್ಲ. ಅಳತೆಗೋಲು ಮಾತ್ರ ತಪ್ಪಿತ್ತು. ಯಾವ ಮೂಲದಿಂದ ಎಂದು ಎಣಿಸಿದಷ್ಟು ಒತ್ತಿ ಎಷ್ಟು ಬೇಕು ಎಂದು ಅದು ಕೇಳಲಿಲ್ಲ. ಎ.ಸಿ. ಇರುವ, 3 ಕಿಲೋವ್ಯಾಟ್ ಹೊರೆಯ ಸೈಟಿಗೆ ದಿನಕ್ಕೆ 72 ಯೂನಿಟ್ ಬೇಕು. ಕರ್ನಾಟಕದ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ನಾಲ್ಕೈದು ಯೂನಿಟ್ ಕೊಟ್ಟೀತು. ಎಂದರೆ 15 ಕಿಲೋವ್ಯಾಟ್‌ಗೂ ಮೀರಿದ ಫಲಕ, ಅದಕ್ಕೆ ಸುಮಾರು ಒಂದೂವರೆ ಗುಂಟೆ ಜಾಗ. ಹೊರೆ 1 ಕಿಲೋವ್ಯಾಟ್‌ಗೆ ಇಳಿದ ಸೈಟಿಗೆ ಅರ್ಧ ಗುಂಟೆ ಸಾಕು. ಮನೆಯ ತಾರಸಿಯ ಮೇಲೆ, ಹೊಲದ ಅಂಚಿನಲ್ಲಿ ಬಾಡಿಗೆಗೆ ನಿಂತ ಟವರಿಗೆ ಈ ಅಂತರವೇ ನಿರ್ಣಾಯಕ.

ಇದೇ ಹೊತ್ತಿಗೆ ಡೀಸೆಲ್ಲಿನ ಬೆಲೆ ನಿಯಂತ್ರಣ 2013ರ ಜನವರಿಯಿಂದ ಹಂತಹಂತವಾಗಿ ಸಡಿಲಗೊಂಡು 2014ರ ಅಕ್ಟೋಬರಿನಲ್ಲಿ ಪೂರ್ತಿ ಹೋಯಿತು. ಪಂಪ್‌ಸೆಟ್ಟಿನ ಲೈನನ್ನೂ ಊರಿನ ಲೈನನ್ನೂ ಬೇರ್ಪಡಿಸುವ ಕರ್ನಾಟಕದ ನಿರಂತರ ಜ್ಯೋತಿ ಯೋಜನೆ, ಮುಂದೆ ಕೇಂದ್ರದ ದೀನದಯಾಳ್ ಗ್ರಾಮ ಜ್ಯೋತಿ ಯೋಜನೆ, ಹಳ್ಳಿಗೆ ಕರೆಂಟಿನ ಗಂಟೆಗಳನ್ನು ಹೆಚ್ಚಿಸುವ ಗುರಿ ಹೊತ್ತಿದ್ದವು. ದೂರಸಂಪರ್ಕದ ಹೆಸರೂ ಇಲ್ಲದ ಇಂಥ ನಿರ್ಧಾರಗಳನ್ನು ಬಿಟ್ಟು ಟವರಿನ ಇಂಧನ ಚರಿತ್ರೆ ಬರೆಯಲಾಗದು.

ಇಷ್ಟರಲ್ಲಿ ರೇಡಿಯೊ ಘಟಕದ ಒಳಗೂ ಬದಲಾವಣೆ ನಡೆದಿತ್ತು. ಶೆಲ್ಟರಿನಿಂದ ಟವರಿನ ತುದಿಗೆ ದಪ್ಪ ಕೇಬಲ್ ಹತ್ತುವಷ್ಟರಲ್ಲಿ ಅರ್ಧದ ಹತ್ತಿರದ ಶಕ್ತಿ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ರೇಡಿಯೊ ಘಟಕವನ್ನೇ ಆಂಟೆನಾದ ಪಕ್ಕಕ್ಕೆ ಏರಿಸಿ, ಕೆಳಗಿನಿಂದ ಆಪ್ಟಿಕಲ್ ಫೈಬರ್ ಎಳೆದಾಗ ಆ ನಷ್ಟ ತಪ್ಪಿತು. 3ಜಿ, 4ಜಿ ಅಲೆಗಳ ಬಲ ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ, ಅಪರೂಪದ ಏರಿಗೆ ಸಜ್ಜಾದ ಆಂಪ್ಲಿಫೈಯರು ಉಳಿದ ಹೊತ್ತು ವಿದ್ಯುತ್ ಪೋಲು ಮಾಡುತ್ತಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದು ವಿಲಿಯಂ ಡೊಹರ್ಟಿ 1936ರಲ್ಲಿ ರೇಡಿಯೊ ಪ್ರಸಾರ ಕೇಂದ್ರಗಳಿಗೆಂದು ರೂಪಿಸಿದ್ದ ಹಳೆಯ ಸರ್ಕ್ಯೂಟಿನಲ್ಲಿ. ಅದರಲ್ಲಿ ಎರಡು ಆಂಪ್ಲಿಫೈಯರುಗಳು. ಸಮತಟ್ಟಿನಲ್ಲಿ ಒಂದೇ ಜೋಡಿ ಎತ್ತು ಗಾಡಿ ಎಳೆದು, ಏರು ಬಂದಾಗ ಮುಂದೆ ಇನ್ನೊಂದು ಜೋಡಿ ಕಟ್ಟಿದ ಹಾಗೆ.

ಕಾಯುವ ಖರ್ಚು ಮಾತ್ರ ಹಾಗೇ ಉಳಿಯಿತು, ಯಾಕೆಂದರೆ ಅದು ಇದ್ದದ್ದು ನಿಯಮದಲ್ಲಿ. 4ಜಿ ಕೂಡ ಪ್ರತಿ ಮಿಲಿಸೆಕೆಂಡಿನೊಳಗೆ ಹಲವು ಬಾರಿ ತನ್ನ ಗುರುತಿನ ಸಂಕೇತ ಬೀರುತ್ತದೆ. ನಡುವೆ ಕಣ್ಣುಮುಚ್ಚಲು ಪುರಸೊತ್ತಿಲ್ಲ. ನಿಯಮ ಸಡಿಲಿಸಿದ್ದು 5ಜಿ. ಅದರ ಮೂಲ ಸಂಕೇತ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ, ಸಂದರ್ಭ ಒದಗಿದರೆ 160 ಮಿಲಿಸೆಕೆಂಡಿಗೊಮ್ಮೆ. ನಡುವಿನ ಬಿಡುವಿನಲ್ಲಿ ಆಂಪ್ಲಿಫೈಯರು ಮಲಗಬಹುದು. ಆದರೆ 5ಜಿ ಹಲವು ಕಡೆ 64 ರೇಡಿಯೊ ಸರಣಿಗಳನ್ನು ಒಂದೇ ಆಂಟೆನಾದಲ್ಲಿ ತುಂಬಿಕೊಂಡು ಬಂದದ್ದರಿಂದ, ಎಚ್ಚರವಿದ್ದಾಗಿನ ಖರ್ಚು ದೊಡ್ಡದು. 2020ರಲ್ಲಿ ಚೀನಾದ ಲುವೊಯಾಂಗ್ ನಗರದಲ್ಲಿ ಚೀನಾ ಯುನಿಕಾಮ್ ತನ್ನ 5ಜಿ ಉಪಕರಣಗಳನ್ನು ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ಮಲಗಿಸುವ ಕ್ರಮಕ್ಕೆ ಇಳಿದದ್ದು ಇದೇ ಕಾರಣಕ್ಕೆ. ಜಾಗತಿಕ ಮಾನದಂಡ ರೂಪಿಸುವ 3ಜಿಪಿಪಿ ತನ್ನ 18ನೇ ಆವೃತ್ತಿಯಲ್ಲಿ ಕೋಶವು ಕಾಲಕಾಲಕ್ಕೆ ತನ್ನ ಪ್ರಸಾರ ತಗ್ಗಿಸಿ ವಿರಮಿಸುವ ವಿಧಾನವನ್ನು ಸೇರಿಸಿದೆ.

ಲುವೊಯಾಂಗಿನಂತೆ ರಾತ್ರಿಯಿಡೀ ಮಲಗಬೇಕಾದರೆ ತುರ್ತು ಕರೆಗೆಂದು ಜಾಲದ ಇನ್ನೊಂದು ಪದರ ಎಚ್ಚರವಿರಬೇಕು. ನಮ್ಮ ಹಲವು ಟವರುಗಳಲ್ಲಿ ಹಾಗೆ ಎಚ್ಚರವಿರುವ ಪದರಗಳಲ್ಲೊಂದು ಇನ್ನೂ 2ಜಿ, ಎಂದರೆ ಜಿಎಸ್‌ಎಂ, ಮಲಗುವುದಕ್ಕೇ ಬಾರದ 1980ರ ದಶಕದ ವಿನ್ಯಾಸ. ಅದನ್ನು ಆರಿಸಿದರೆ ಇಂಧನ ಉಳಿಯುತ್ತದೆ. ಅದೇ ಹೊತ್ತಿಗೆ ಹಳೆಯ ಗುಂಡಿ ಫೋನು ಹಿಡಿದಿರುವ ಅಜ್ಜಿಯ, ಕೂಲಿಯವನ ಕರೆಯೂ ಆರುತ್ತದೆ. ಹಾಗಾಗಿ ಅವರ ಕೈಗೆ 4ಜಿ ಫೋನು ತಲುಪಿಸುವ ಖರ್ಚು ಕೂಡ ಟವರಿನ ಇಂಧನ ಲೆಕ್ಕದಲ್ಲೇ ಬರಬೇಕು. ಆ ಖರ್ಚು ಯಾರದ್ದೆಂಬ ಪ್ರಶ್ನೆ 2012ರ ಆದೇಶದಲ್ಲೂ ಇರಲಿಲ್ಲ.