ಬಾಡಿಗೆಯ ಕೋಣೆ ಮತ್ತು ನ್ಯಾಯದ ಲೆಕ್ಕ

ಮಕ್ಕಳು ಪರಸ್ಥಳಗಳಿಗೆ ಹೋದ ಮೇಲೆ ಅನೇಕರ ಮನೆಗಳಲ್ಲಿ ಒಂದು ಕೋಣೆ ಬಿಡುವಾಗಿ ಉಳಿಯುತ್ತದೆ. ವಿದ್ಯಾರ್ಥಿಗೋ, ಹೊಸದಾಗಿ ನೌಕರಿಗೆ ಸೇರಿದವರಿಗೋ ಅದನ್ನು ಕೊಡೋಣವೆಂದು ಮನೆಯವರು ಆಲೋಚಿಸುತ್ತಾರೆ. ಆಗ ಏಳುವ ಮೊದಲ ಪ್ರಶ್ನೆ, ಬಾಡಿಗೆ ಎಷ್ಟು ಕೇಳಬೇಕು ಎಂಬುದು. ಹೆಚ್ಚು ಕೇಳಿದರೆ ಎದುರಿಗಿರುವವನ ಅಗತ್ಯವನ್ನು ನಗದು ಮಾಡಿಕೊಂಡಂತೆ. ತೀರ ಕಡಿಮೆ ಕೇಳಿದರೆ ನಾಳೆ ನಮ್ಮ ಮನಸ್ಸೇ ಕಹಿಯಾಗುತ್ತದೆ. ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಎದ್ದಿರುವುದರಿಂದ ಅದರ ಹಿಂದಿನ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದೆ.

1909ರಲ್ಲಿ ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆಬಾಡಿಗೆಯ ಮಾತು ಬರುತ್ತದೆ. ಬಿಡೆಂದರೂ ಬಿಡದ ಬಾಡಿಗೆದಾರನಿಗೆ 12 ಪಣ ದಂಡ. ಬಾಡಿಗೆ ಕೊಡುತ್ತಿರುವವನನ್ನು ಹೊರದೂಡುವ ಒಡೆಯನಿಗೂ ಅಷ್ಟೇ ದಂಡ. ಬೈಗುಳ, ಕಳವು ಮುಂತಾದ ಅಪರಾಧಗಳಿದ್ದರೆ ಮಾತ್ರ ವಿನಾಯಿತಿ. ತಾನಾಗಿ ಬಿಟ್ಟುಹೋಗುವವನು ವರ್ಷದ ಉಳಿದ ಬಾಡಿಗೆಯನ್ನು ಸಲ್ಲಿಸಬೇಕು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಸೂತ್ರಗಳು ಬಾಡಿಗೆಯ ಮೊತ್ತ ಎಷ್ಟಿರಬೇಕೆಂದು ಹೇಳುವುದಿಲ್ಲ. ಅದು ಕೊಡುವವನಿಗೂ ಕೊಳ್ಳುವವನಿಗೂ ಬಿಟ್ಟ ವಿಷಯ.

ಮೊತ್ತಕ್ಕೆ ಕಾನೂನು ಕೈಹಾಕಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಗ್ಲಾಸ್ಗೋ ನಗರದ ಯುದ್ಧಸಾಮಗ್ರಿ ಕಾರ್ಖಾನೆಗಳಿಗೆ ಕೆಲಸಗಾರರು ಬಂದು ತುಂಬಿದರು. ಮನೆಯ ಒಡೆಯರು ಬಾಡಿಗೆ ಏರಿಸಿದರು. 1915ರಲ್ಲಿ ಮೇರಿ ಬಾರ್ಬರ್ ಮೊದಲಾದ ಮಹಿಳೆಯರ ಮುಂದಾಳುತನದಲ್ಲಿ ಸಾವಿರಾರು ಕುಟುಂಬಗಳು ಏರಿಸಿದ ಬಾಡಿಗೆ ಕೊಡಲೊಪ್ಪಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿಯೇ ಬ್ರಿಟಿಷ್ ಸಂಸತ್ತು ಕಾಯಿದೆ ಮಾಡಿ, ಸಣ್ಣ ಮನೆಗಳ ಬಾಡಿಗೆಯನ್ನು 1914ರ ಆಗಸ್ಟ್ 3ರಂದು ಇದ್ದ ಮಟ್ಟಕ್ಕೆ ಕಟ್ಟಿಹಾಕಿತು. ಆದರೆ ಊಟ, ಉಪಚಾರ, ಪೀಠೋಪಕರಣಗಳನ್ನು ಸೇರಿಸಿ ಕೊಟ್ಟ ಕೋಣೆಗಳನ್ನು ಹೊರಗೆ ಬಿಟ್ಟಿತು. 1920ರ ಕಾಯಿದೆ ಈ ಕಿಂಡಿಯನ್ನೂ ಭಾಗಶಃ ಮುಚ್ಚಿತು: ಪೀಠೋಪಕರಣವಿಟ್ಟು ಕೊಟ್ಟ ವಸತಿಯಲ್ಲಿ ಒಡೆಯನ ಲಾಭ ಯುದ್ಧಪೂರ್ವದ ಲಾಭಕ್ಕಿಂತ ನೂರಕ್ಕೆ 25ಕ್ಕೂ ಮಿಗಿಲಾಗಕೂಡದು. ಮನೆಯ ಒಂದು ಭಾಗದ ಬಾಡಿಗೆ ತಿಳಿಯಬೇಕಾದಲ್ಲಿ ಇಡೀ ಮನೆಯ ಬಾಡಿಗೆಯನ್ನು ನ್ಯಾಯವೆಂದು ತೋರುವ ಪಾಲಿನಲ್ಲಿ ಹಂಚುವ ಅಧಿಕಾರ ನ್ಯಾಯಾಲಯಕ್ಕೆ ದೊರೆಯಿತು. ಈ ‘ಪಾಲು’ ಎಂಬ ವಿಚಾರವನ್ನು ನಾವು ನೆನಪಿನಲ್ಲಿಡಬೇಕು.

ಬೊಂಬಾಯಿಯಲ್ಲಿ 1918ರಲ್ಲಿಯೇ ಬಾಡಿಗೆಯ ಕಾಯಿದೆ ಬಂದಿತು. 1947ರ ಕಾಯಿದೆ 1940ರ ಸೆಪ್ಟೆಂಬರ್ 1ರ ಬಾಡಿಗೆಯನ್ನು ಪ್ರಮಾಣವಾಗಿ ಹಿಡಿಯಿತು. ಬಡವನ ತಲೆಯ ಮೇಲಿನ ಸೂರನ್ನು ಉಳಿಸಿದ ಕಟ್ಟಳೆ ಇದು, ಸಂದೇಹವಿಲ್ಲ. ಆದರೆ ದಿನಸಿಯ ಬೆಲೆ, ಗಾರೆಯವನ ಕೂಲಿ ಎಲ್ಲವೂ ಏರುತ್ತಿರುವಾಗ ಬಾಡಿಗೆಯೊಂದೇ ನಿಂತಲ್ಲಿ ನಿಂತರೆ, ಒಡೆಯ ರಿಪೇರಿಯನ್ನು ಮರೆಯುತ್ತಾನೆ. ಒಂದು ದಿನ ಸೂರೇ ಸೋರುತ್ತದೆ. ಹುಟ್ಟಿದಾಗ ನ್ಯಾಯವಾಗಿದ್ದ ಕಟ್ಟಳೆ ಕಾಲ ಸರಿದಂತೆ ಅನ್ಯಾಯವಾಗಬಹುದೆಂದು ಸುಪ್ರೀಂ ಕೋರ್ಟು 1997ರ ಡಿಸೆಂಬರಿನಲ್ಲಿ ಇದೇ ಕಾಯಿದೆಯನ್ನು ಕುರಿತು ಹೇಳಬೇಕಾಯಿತು.

ನಮ್ಮ ನಾಡಿನಲ್ಲಿಯೂ 1961ರ ಬಾಡಿಗೆ ನಿಯಂತ್ರಣ ಕಾಯಿದೆ ‘ನ್ಯಾಯವಾದ ಬಾಡಿಗೆ’ಯನ್ನು ಗೊತ್ತುಮಾಡುವ ಹೊಣೆಯನ್ನು ಅಧಿಕಾರಿಯೊಬ್ಬರಿಗೆ ಒಪ್ಪಿಸಿತು. ಅದರ ಸ್ಥಾನಕ್ಕೆ ಬಂದ 1999ರ ಕಾಯಿದೆ 2001ರ ಡಿಸೆಂಬರ್ 31ರಂದು ಜಾರಿಯಾಯಿತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ಕಟ್ಟಡಗಳನ್ನು ಅದು ಹೊರಗೇ ಇಟ್ಟಿತು.

ಮನೆಯೊಡೆಯರ ಜೊತೆಯಲ್ಲಿಯೇ ವಾಸಿಸುವವನ ಪಾಡೇನು? ಬೊಂಬಾಯಿ ಕಾಯಿದೆಗೆ 1973ರಲ್ಲಿ ತಂದ ತಿದ್ದುಪಡಿ, ಆ ವರ್ಷದ ಫೆಬ್ರವರಿ 1ರಂದು ಪರವಾನಗಿಯ ಮೇಲೆ ವಾಸವಿದ್ದವರನ್ನು ಬಾಡಿಗೆದಾರರೆಂದು ಒಪ್ಪಿತು. ಒಡೆಯನೂ ವಾಸಿಸುವ ಮನೆಯಲ್ಲಿ ಒಂದು ಭಾಗವನ್ನು ಪಡೆದ ‘ಪೇಯಿಂಗ್ ಗೆಸ್ಟ್’ಗೆ ಮಾತ್ರ ಆ ರಕ್ಷಣೆಯನ್ನು ಕೊಡಲಿಲ್ಲ. ಒಂದೇ ಹೊಸ್ತಿಲನ್ನು ದಾಟುವವರ ನಡುವೆ ಕಾನೂನು ಬರಲು ಹಿಂಜರಿಯಿತು. ಅದು ಹಿಂಜರಿದ ಎಡೆಯಲ್ಲಿ ನಮ್ಮ ವಿವೇಕವೇ ಮುಂದೆ ಬರಬೇಕು.

ನನಗೆ ತೋರುವ ದಾರಿ ಇದು. ನಮ್ಮ ಬೀದಿಯಲ್ಲಿ ಇಂಥ ಇಡೀ ಮನೆಗೆ ಬರುವ ಬಾಡಿಗೆಯೆಷ್ಟೆಂದು ವಿಚಾರಿಸಿ, ಅದರಲ್ಲಿ ಕೋಣೆಯ ಪಾಲನ್ನು ತೆಗೆಯಬೇಕು. ಬಚ್ಚಲು, ಅಡಿಗೆಮನೆಗಳನ್ನು ಹಂಚಿಕೊಳ್ಳುವುದಾದರೆ ಅವುಗಳ ಪಾಲನ್ನು ಸೇರಿಸಬೇಕು. ನೀರು, ದೀಪಗಳ ಖರ್ಚನ್ನು ತಲೆಯೆಣಿಕೆಯಂತೆ ಹಂಚಬೇಕು. ಮಂಚ, ಮೇಜುಗಳ ಬೆಲೆಯನ್ನು ಅವು ಬಾಳುವ ವರ್ಷಗಳ ಮೇಲೆ ಹರಡಬೇಕು. ಹೀಗೆ ಬಂದ ಮೊತ್ತ ಒಂದು ವರ್ಷ ನಿಲ್ಲಲಿ; ವರ್ಷ ತುಂಬಿದ ಮೇಲೆ ಇಬ್ಬರೂ ಕುಳಿತು ಪುನಃ ನೋಡಲಿ. ಒಂದು ದಿನಾಂಕಕ್ಕೆ ಬಾಡಿಗೆಯನ್ನು ಕಟ್ಟಿಹಾಕಿದ ಕಾನೂನು ಕಲಿಸಿದ ಪಾಠವೇ ಅದು.

ಬರುವವನು ಎಷ್ಟು ತೆರಬಲ್ಲನೆಂಬುದು ಈ ಲೆಕ್ಕದಲ್ಲಿ ಸೇರಕೂಡದು. ಅವನ ಇಕ್ಕಟ್ಟು ನಮ್ಮ ಕೋಣೆಯ ಬೆಲೆಯನ್ನು ಹೆಚ್ಚಿಸುವುದಿಲ್ಲ. ಮಾಡಿದ ಲೆಕ್ಕವನ್ನು ಕಾಗದದ ಮೇಲೆ ಬರೆದು, ಸಂಕೋಚವಿಲ್ಲದೆ ಅವನ ಮುಂದಿಡಲು ಸಾಧ್ಯವಾದರೆ ಆ ಬಾಡಿಗೆ ನ್ಯಾಯವಾದದ್ದು. ಮುಚ್ಚಿಡಬೇಕೆನಿಸಿದರೆ ಕೂಡಿಸಿದ್ದರಲ್ಲಿ ಎಲ್ಲಿಯೋ ದುರಾಸೆ ಸೇರಿದೆಯೆಂದೇ ತಿಳಿಯಬೇಕು.