ಮಿಷನ್ ಸೇವಕರ ನಡತೆಯ ಕಟ್ಟುಪಾಡು (ಕಾಸರಗೋಡು ಸೀಮೆ)

ಕ್ರೈಸ್ತ ಸಭೆ, ಶಾಲೆ, ಮಿಷನ್ನುಗಳಲ್ಲಿ ದುಡಿಯುವ ಪಾದ್ರಿ, ಉಪದೇಶಿ, ಮಾಸ್ತರರು ಸ್ವಂತ ಬದುಕಿನಲ್ಲಿ ಹೇಗಿರಬೇಕೆಂದು ವಿಧಿಸುವ ನಿಯಮಗಳಿವು. ಇವುಗಳ ಬೇರು ಬೈಬಲಿನಲ್ಲಿದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯ ಸಭೆಯ ಮುಖಂಡನಿಗೆ ಕುಡಿತ, ಜಗಳ, ಹಣದಾಸೆ ಸಲ್ಲದೆನ್ನುತ್ತದೆ. ಮನೆ ನಡೆಸಲಾರದವನು ಸಭೆಯನ್ನು ನಡೆಸಿಯಾನೇ ಎಂದೂ ಕೇಳುತ್ತದೆ. ಕಾಸರಗೋಡು 1956ರ ಅಕ್ಟೋಬರ್ ಕೊನೆಯವರೆಗೂ ದಕ್ಷಿಣ ಕನ್ನಡದ ತಾಲೂಕಾಗಿದ್ದುದರಿಂದ, ಇಲ್ಲಿನ ಚರಿತ್ರೆಯನ್ನು ಮಂಗಳೂರಿನಿಂದ ಬಿಡಿಸಿ ಹೇಳಲಾಗದು.

1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಅವರನ್ನು ಕಳಿಸಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಾಸೆಲ್ ಮಿಷನ್ನಿನ ಶಿಸ್ತು ಸೇವಕನ ಅಡುಗೆಮನೆಯವರೆಗೂ ಬರುವಂಥದ್ದು. ಮಿಷನರಿ ಅವಿವಾಹಿತನಾಗಿಯೇ ಹಡಗು ಹತ್ತಬೇಕು. ಕೆಲವು ವರ್ಷ ದುಡಿದ ಮೇಲೆ ಮದುವೆಗೆ ಬಾಸೆಲಿನ ಸಮಿತಿಯ ಅಪ್ಪಣೆ ಬೇಡಬೇಕು. ಸಮಿತಿ ಹುಡುಗಿಯ ಮನೆತನ, ಆರೋಗ್ಯ, ಭಕ್ತಿಯನ್ನು ವಿಚಾರಿಸುತ್ತಿತ್ತು. ಒಪ್ಪಿಗೆ ಸಿಕ್ಕರೆ, ಗಂಡನ ಮುಖವನ್ನೇ ಸರಿಯಾಗಿ ನೋಡಿರದ ವಧು ಸಮುದ್ರ ದಾಟಿ ಬರುತ್ತಿದ್ದಳು. ಹೆಬಿಕ್ ಮಾತ್ರ ಕೊನೆಯವರೆಗೂ ಮದುವೆಯಾಗಲಿಲ್ಲ.

ಇದಕ್ಕಿಂತ ಬಿಗಿಯಾದ ಕಟ್ಟಳೆ ಇನ್ನೊಂದಿತ್ತು: ಜೊತೆಯವರು ತಪ್ಪಿದರೆ ಬಾಸೆಲಿಗೆ ಬರೆದು ತಿಳಿಸುವುದು ಪ್ರತಿ ಮಿಷನರಿಯ ಕರ್ತವ್ಯ. ಒಂದೇ ಬಂಗಲೆಯಲ್ಲಿ ಉಂಡು ಮಲಗುವವರ ನಡುವೆ ಇದು ಎಷ್ಟು ಅಪನಂಬಿಕೆ ಬಿತ್ತಿರಬೇಡ! 1850ರಿಂದ 1879ರವರೆಗೆ ಮಿಷನ್ನಿನ ಇನ್‌ಸ್ಪೆಕ್ಟರ್ (ಮುಖ್ಯಸ್ಥ) ಆಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಇಲ್ಲಿಗೇ ಬಂದು ನೋಡಿ ಹೋಗಿ, ಹಿಡಿತವನ್ನು ಇನ್ನೂ ಬಿಗಿಮಾಡಿದರು.

ಊರಿನ ಉಪದೇಶಿಗಳಿಗೆ ಜಾತಿ, ಕುಡಿತ, ಬಹುಪತ್ನಿತ್ವ ನಿಷಿದ್ಧ. ತಪ್ಪಿದವರನ್ನು ಕರ್ತನ ಭೋಜನದಿಂದ (ಸಭೆಯ ಪವಿತ್ರ ಸಂಸ್ಕಾರದಿಂದ) ದೂರವಿಡುತ್ತಿದ್ದರು. ಕಳ್ಳಿನ ನಿಷೇಧ ಬಿಲ್ಲವರಿಗೆ ಬರೀ ನಡತೆಯ ಮಾತಾಗಿರಲಿಲ್ಲ. ಅವರ ಕಸುಬಾದ ಮೂರ್ತೆ (ಕಳ್ಳು ಇಳಿಸುವ ಕೆಲಸ) ಬಿಟ್ಟರೆ ಹೊಟ್ಟೆಪಾಡೇ ಹೋಗುತ್ತಿತ್ತು. ಮಿಷನ್ನಿನ ನೇಯ್ಗೆ, 1865ರ ಹೆಂಚಿನ ಕಾರ್ಖಾನೆಗಳ ಹಿಂದೆ ಈ ಲೆಕ್ಕವೂ ಇದೆ. ಊರಿನವರೂ ಪಾದ್ರಿಗಳಾದರು: 1844ರಲ್ಲಿ ಕ್ರೈಸ್ತರಾದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಬಾಸೆಲಿನಲ್ಲೇ ಓದಿ 1851ರಲ್ಲಿ ಪಾದ್ರಿ ದೀಕ್ಷೆ ಪಡೆದರು. ಆದರೆ ನಿಯಮ ಬರೆಯುವ ಕೈ ಬಾಸೆಲಿನದೇ ಆಗಿ ಉಳಿಯಿತು. 1914ರ ಯುದ್ಧದಲ್ಲಿ ಜರ್ಮನ್ ಮಿಷನರಿಗಳು ಸೆರೆಯಾದಾಗ ಆ ಹಿಡಿತ ಕಳಚಿತು.

ಕಥೊಲಿಕರ ಕಟ್ಟುಪಾಡು ಬೇರೆ. ಕಾಸರಗೋಡು ಸೀಮೆಯ ಬೇಳದ ಇಗರ್ಜಿಯಂಥ (1890) ಕಥೊಲಿಕ ನೆಲೆಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಅಲ್ಲಿ ಪಾದ್ರಿಗಳಿಗೆ ಬ್ರಹ್ಮಚರ್ಯ, ರೋಮಿನ ಕಾನೂನು. ವಾಡೆಯ (ಇಗರ್ಜಿಯ ವಾರ್ಡಿನ) ಮಟ್ಟದಲ್ಲಿ ಅದರ ಮುಂದಾಳು ಗುರ್ಕಾರರ ಮಾತು.

ಸೇವಕರು ತಾವೇ ನಿಯಮ ಹಾಕಿಕೊಂಡದ್ದೂ ಉಂಟು. ಅಮೆರಿಕದಲ್ಲಿ ಸುವಾರ್ತಾ ಬೋಧಕ ಬಿಲ್ಲಿ ಗ್ರಹಾಂ ತಂಡ 1948ರಲ್ಲಿ ಹಣ ಮತ್ತು ಹೆಣ್ಣಿನ ವಿಷಯದಲ್ಲಿ ತನಗೆ ತಾನೇ ಗೆರೆ ಎಳೆದುಕೊಂಡಿತು. ಭಾರತದಲ್ಲಿ ಈಗ ಗೆರೆ ಎಳೆಯುವುದು ಕಾನೂನು. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. ಮಿಷನ್ ಶಾಲೆ, ಆಸ್ಪತ್ರೆಗಳು ಇದಕ್ಕೆ ಹೊರತಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದೂ ಮುಚ್ಚಿಟ್ಟರೆ 2012ರ ಪೋಕ್ಸೋ ಕಾಯ್ದೆಯಡಿ ಶಿಕ್ಷೆಯಿದೆ. ಅಂಥ ದೂರು ಹೋಗಬೇಕಾದದ್ದು ಪೊಲೀಸರ ಬಳಿಗೆ, ಸಭೆಯ ಹಿರಿಯರ ಕೂಟಕ್ಕಲ್ಲ.