ಪದ ಪರಿಚಯ: ಕಾಯು

ಕಾಯು

ಓದದ ಹುಡುಗನನ್ನು ‘ಕುರಿ ಕಾಯೋಕೇ ಲಾಯಕ್ಕು’ ಎಂದು ಬೈಯುವುದುಂಟು. ಕುರಿಮಂದೆಗಳ ಸೀಮೆಯಾದ ಚಳ್ಳಕೆರೆಯಲ್ಲಿ ಈ ಬೈಗುಳ ಕೇಳಿದರೆ ನೋವಾಗುತ್ತದೆ. ಅಲ್ಲಿನ ಗೌರಸಮುದ್ರದ ಮಾರಮ್ಮನೆದುರು ‘ಕಾಯಮ್ಮಾ ತಾಯಿ’ ಎಂದು ಕೈಮುಗಿಯುವಾಗಲೂ ಬಾಯಿಗೆ ಬರುವುದು ಇದೇ ‘ಕಾಯು’.

ಹಳಗನ್ನಡದ ‘ಕಾ’, ‘ಕಾಯ್’ ಎಂದರೆ ರಕ್ಷಿಸು. ತಮಿಳಿನ ‘ಕಾ’, ತೆಲುಗಿನ ‘ಕಾಚು’ ಇದರ ಒಡಹುಟ್ಟುಗಳು. ಕಾಪಾಡು, ಕಾವಲು, ಕುರಿಗಾಹಿಯ ‘ಗಾಹಿ’ ಎಲ್ಲ ಇದೇ ಬಳ್ಳಿಯವು. ಬಸ್ಸಿಗೆ ಕಾಯುವುದೂ ಕಣ್ಣಿಟ್ಟು ಕೂರುವುದೇ. ನೀರು ಕಾಯುವ ‘ಕಾಯು’ ಮಾತ್ರ ಬೇರೆ.

ಕುರಿ ಕಾಯುವ ಮಾತು ಬೈಬಲಿನಲ್ಲೂ ಬರುತ್ತದೆ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ (ವಚನ 15–17) ಯೇಸು ಪೇತ್ರನಿಗೆ ಮೂರು ಸಲ ತನ್ನ ಮಂದೆಯನ್ನು ಒಪ್ಪಿಸುತ್ತಾನೆ. ಗ್ರೀಕ್ ಮೂಲದಲ್ಲಿ ಮೊದಲ ಮತ್ತು ಕೊನೆಯ ಸಲದ ಕ್ರಿಯಾಪದ ‘ಬೊಸ್ಕೊ’, ಅಂದರೆ ಮೇಯಿಸು. ನಡುವಿನದು ‘ಪೊಯ್ಮೈನೊ’: ಮೇವು, ನೀರು, ದಾರಿ, ತೋಳದಿಂದ ರಕ್ಷಣೆ ಎಲ್ಲವೂ ಸೇರಿದ ಹೊಣೆ. ಕನ್ನಡದಲ್ಲಿ ‘ಮೇಯಿಸು’, ‘ಕಾಯು’ ಎಂದು ಎರಡನ್ನೂ ಬೇರೆಯಾಗಿಯೇ ಉಳಿಸಿಕೊಳ್ಳಬಹುದು. ‘ಪೊಯ್ಮೈನೊ’ ಹುಟ್ಟಿದ್ದು ಕುರಿಗಾಹಿ ಎಂಬರ್ಥದ ‘ಪೊಯ್ಮೆನ್’ನಿಂದ. ಹೋಮರ್ ತನ್ನ ಕಾವ್ಯದಲ್ಲಿ ದೊರೆ ಅಗಮೆಮ್ನಾನನನ್ನು ಜನರ ‘ಪೊಯ್ಮೆನ್’ ಎಂದೇ ಕರೆದ. ಇಂದು ಚರ್ಚಿನಲ್ಲಿ ಕೇಳುವ ‘ಪಾಸ್ಟರ್’ ಕೂಡ ಲ್ಯಾಟಿನ್ನಿನಲ್ಲಿ ಕುರಿಗಾಹಿಯೇ.

ಚಳ್ಳಕೆರೆಯ ಅಮೃತಮಹಲ್ ದನಗಳ ಹುಲ್ಲುಗಾವಲುಗಳಿಗೂ ನಮ್ಮ ‘ಕಾ’ ಧಾತುವೇ ಹೆಸರು ಕೊಟ್ಟಿದೆ: ವರವು ಕಾವಲು, ಕುದಾಪುರದ ಕಾವಲು.